ಕನ್ನಡ–ಇಂಗ್ಲಿಷ್ ನಿಘಂಟುಗಳೂ ಅವುಗಳ ಕರ್ತೃಗಳೂ

ಯಾವುದೇ ಶಾಲೆಯ ಗ್ರಂಥಭಂಡಾರವನ್ನು ಹೊಕ್ಕು ನೋಡಿದರೂ ಅಲ್ಲಿ ಅತ್ಯಂತ ಭಾರವಾದ ಪುಸ್ತಕವೂ, ಅತ್ಯಂತ ಕಡಿಮೆ ತೆರೆಯಲ್ಪಟ್ಟ ಪುಸ್ತಕವೂ ಒಂದೇ ಆಗಿರುವುದು ಕಂಡುಬರುತ್ತದೆ. ಅದು ನಿಘಂಟು. ಕಥೆಯನ್ನು ಓದುವವರುಂಟು, ಕಾವ್ಯವನ್ನು ಓದುವವರುಂಟು. ನಿಘಂಟನ್ನು ಓದುವವರು ವಿರಳ. ಬೇಕಾದಾಗ ತೆರೆದು, ಬೇಕಾದುದನ್ನು ಪಡೆದು, ಮುಚ್ಚಿಡುವುದೇ ಅದರ ಉಪಯೋಗವೆಂದು ನಾವು ತಿಳಿದಿದ್ದೇವೆ. ಬಾವಿಯ ನೀರನ್ನು ಸೇದುವವನು ಬಾವಿಯನ್ನು ತೋಡಿಸಿದವನನ್ನು ನೆನೆಯದಿರುವಂತೆ, ಅರ್ಥವನ್ನು ಪಡೆದವನು ನಿಘಂಟುಕಾರನನ್ನು ನೆನೆಯುವುದಿಲ್ಲ. ಈ ಸಂಚಿಕೆಯ ಮೂಲಕ ಅಧ್ಯಾಪಕ ಮಿತ್ರರ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ನಿಲ್ಲುವ ಅವಕಾಶ ದೊರೆತಿರುವಾಗ, ಕನ್ನಡಕ್ಕೂ ಇಂಗ್ಲಿಷಿಗೂ ಸೇತುವೆಯನ್ನು ಕಟ್ಟಿದ ಆ ಮೊದಲಿಗರನ್ನು ಸ್ಮರಿಸುವುದು ಯುಕ್ತವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇನೆ.

ನಮ್ಮ ಹಿರಿಯರ ಕೋಶಗಳು

ಪಾಶ್ಚಾತ್ಯರು ಬರುವ ಮೊದಲು ನಮ್ಮಲ್ಲಿ ನಿಘಂಟುಗಳೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ವೇದದ ಕಠಿಣ ಶಬ್ದಗಳ ಪಟ್ಟಿಗೆ ನಿಘಂಟು ಎಂಬ ಹೆಸರು ಬಹು ಪ್ರಾಚೀನ ಕಾಲದಿಂದ ಬಂದಿದೆ. ಯಾಸ್ಕನು ತನ್ನ ನಿರುಕ್ತವನ್ನು ರಚಿಸಿದ್ದು ಅದರ ವಿವರಣೆಗಾಗಿಯೇ. ಅಮರಸಿಂಹನ ಕೋಶವನ್ನಂತೂ ಹಳೆಯ ಪದ್ಧತಿಯಲ್ಲಿ ಓದಿದ ಪ್ರತಿಯೊಬ್ಬನೂ ಬಲ್ಲನು. ನನ್ನ ವಿದ್ಯಾಭ್ಯಾಸ ಕಾಲದಲ್ಲಿಯೂ ಗುರುಗಳು ಮೊದಲು ಅದನ್ನು ಬಾಯಿಪಾಠ ಮಾಡಿಸಿದರು. ಅರ್ಥವನ್ನು ಆಮೇಲೆ ಹೇಳಿದರು.

ಕನ್ನಡದಲ್ಲಿ ರನ್ನಕವಿಯ ಹೆಸರಿನ 'ರನ್ನಕಂದ'ದ ಕೆಲವೇ ಪದ್ಯಗಳು ಉಳಿದುಬಂದಿವೆ. ಎರಡನೆಯ ನಾಗವರ್ಮನು 'ಅಭಿಧಾನ ವಸ್ತುಕೋಶ'ವನ್ನು ರಚಿಸಿ ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥವನ್ನು ಕೊಟ್ಟನು. 1398ರಲ್ಲಿ ಅಭಿನವ ಮಂಗರಾಜನ ನಿಘಂಟು ಹುಟ್ಟಿತು. ಸುಮಾರು 1530ರ ಲಿಂಗಮಂತ್ರಿಯು ಹಳೆಯ ಕನ್ನಡ ಶಬ್ದಗಳಿಗೆ ಅರ್ಥ ಹೇಳುವ 'ಕಬ್ಬಿಗರ ಕೈಪಿಡಿ'ಯನ್ನೂ, ಸುಮಾರು 1560ರ ವಿರಕ್ತ ತೋಂಟದಾರ್ಯನು 'ಕರ್ಣಾಟಕ ಶಬ್ದಮಂಜರಿ'ಯನ್ನೂ ರಚಿಸಿದರು. ವಿರಕ್ತ ಪರಂಪರೆಯ ಒಬ್ಬ ಶರಣಕವಿಯು ಶಬ್ದಸಂಗ್ರಹದ ಕಾರ್ಯವನ್ನು ಕೈಗೊಂಡನೆಂಬುದು ಮಠಗಳ ಆಶ್ರಯದಲ್ಲಿ ವಿದ್ಯೆಯನ್ನು ಪಡೆದ ನಮಗೆಲ್ಲ ಅಭಿಮಾನದ ಸಂಗತಿಯಾಗಿದೆ.

ಆದರೆ ಈ ಕೋಶಗಳ ಸ್ವರೂಪವೇ ಬೇರೆ. ಅವು ಪದ್ಯರೂಪದಲ್ಲಿವೆ. ಕೋಶವು ಕೈಯಲ್ಲಿರಬೇಕಾದುದಲ್ಲ, ಕಂಠದಲ್ಲಿರಬೇಕಾದುದು ಎಂಬುದು ಅವುಗಳ ತತ್ತ್ವ. ದೇವತೆಗಳ ಹೆಸರು ಒಂದೆಡೆ, ವೃಕ್ಷಗಳ ಹೆಸರು ಮತ್ತೊಂದೆಡೆ ಎಂಬಂತೆ ವಿಷಯಾನುಸಾರವಾಗಿ ಶಬ್ದಗಳನ್ನು ಕೂಡಿಸಿರುವುದುಂಟು. ಕಂಠಸ್ಥ ಮಾಡಿದವನಿಗೆ ಅದು ಅಕ್ಷಯಪಾತ್ರೆ. ಮಾಡದವನಿಗೆ ಬೀಗ ಹಾಕಿದ ಪೆಟ್ಟಿಗೆ. ಕನ್ನಡವನ್ನೇ ಅರಿಯದ ಪರದೇಶದವನೊಬ್ಬನು ಕೇಳಿದ ಶಬ್ದಕ್ಕೆ ಅರ್ಥವನ್ನು ಹುಡುಕಬೇಕಾದರೆ ಈ ಕೋಶಗಳಿಂದ ಆತನಿಗೆ ಪ್ರಯೋಜನವಿಲ್ಲ. ಅಕ್ಷರಕ್ರಮದಲ್ಲಿ ಜೋಡಿಸಿದ, ಎರಡು ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟ ಪುಸ್ತಕವೊಂದು ಆತನಿಗೆ ಬೇಕು. ಆ ಅಗತ್ಯದಿಂದಲೇ ಹೊಸ ಬಗೆಯ ನಿಘಂಟು ಹುಟ್ಟಿತು.

ದ್ವಿಭಾಷಾ ನಿಘಂಟು ಹುಟ್ಟುವ ಬಗೆ

ಇದು ನಮ್ಮ ನಾಡಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಎರಡು ಜನಾಂಗಗಳು ವ್ಯಾಪಾರಕ್ಕಾಗಿಯೋ, ಯುದ್ಧಕ್ಕಾಗಿಯೋ, ಮತಪ್ರಸಾರಕ್ಕಾಗಿಯೋ ಪರಸ್ಪರ ಎದುರಾದಾಗಲೆಲ್ಲ ದ್ವಿಭಾಷಾ ನಿಘಂಟು ಹುಟ್ಟಿದೆ. ಸ್ಪೇನ್ ದೇಶದ ನೌಕಾಪಡೆಯು ಇಂಗ್ಲೆಂಡಿನ ಮೇಲೆ ಏರಿಬಂದದ್ದು 1588ರಲ್ಲಿ. ಅದಾದ ಮೂರೇ ವರ್ಷಗಳಲ್ಲಿ, 1591ರಲ್ಲಿ, ರಿಚರ್ಡ್ ಪರ್ಸಿವಲ್ ಎಂಬಾತನು ಸ್ಪ್ಯಾನಿಷ್ ವ್ಯಾಕರಣದೊಡನೆ ಸ್ಪ್ಯಾನಿಷ್ ಶಬ್ದಗಳಿಗೆ ಇಂಗ್ಲಿಷ್ ಅರ್ಥವನ್ನು ಕೊಡುವ ನಿಘಂಟನ್ನು ಲಂಡನ್ನಿನಲ್ಲಿ ಅಚ್ಚುಮಾಡಿಸಿದನು. ಶತ್ರುವಿನ ಭಾಷೆಯನ್ನು ಅರಿಯದೆ ಶತ್ರುವನ್ನು ಅರಿಯಲಾಗದಷ್ಟೆ! 1599ರಲ್ಲಿ ಜಾನ್ ಮಿನ್ಷು ಎಂಬ ಭಾಷಾ ಶಿಕ್ಷಕನು ಪರ್ಸಿವಲನ ಕೋಶವನ್ನೇ ಹಿಗ್ಗಿಸಿ ಹೊರತಂದನು. ಒಬ್ಬನು ಹಾಕಿದ ಅಡಿಪಾಯದ ಮೇಲೆ ಮತ್ತೊಬ್ಬನು ಗೋಡೆಯನ್ನೆತ್ತುವುದು ನಿಘಂಟಿನ ಲೋಕದಲ್ಲಿ ಸಹಜ ಧರ್ಮ.

ಈ ಮಿನ್ಷುವಿನ ಇನ್ನೊಂದು ಸಂಗತಿಯನ್ನು ದಾನಿಗಳಾದ ವಾಚಕರು ಗಮನಿಸಬೇಕು. ಹನ್ನೊಂದು ಭಾಷೆಗಳ ಬೃಹತ್ಕೋಶವನ್ನು ಆತನು 1617ರಲ್ಲಿ ಪ್ರಕಟಿಸಿದಾಗ ಅದರ ವೆಚ್ಚವನ್ನು ಹೊರಲಾರದೆ ಚಂದಾದಾರರ ನೆರವನ್ನು ಯಾಚಿಸಿದನು. ನೆರವಾದವರ ಹೆಸರುಗಳ ಪಟ್ಟಿಯನ್ನೂ ಮುದ್ರಿಸಿದನು. ಇಂಗ್ಲೆಂಡಿನಲ್ಲಿ ಚಂದಾ ಕ್ರಮದಿಂದ ಹೊರಬಂದ ಮೊದಮೊದಲ ಗ್ರಂಥಗಳಲ್ಲಿ ಅದೊಂದು. ನಿಘಂಟು ಎಂಬುದು ವಿದ್ವಾಂಸನೊಬ್ಬನ ಬೆವರಿನಿಂದ ಮಾತ್ರ ಆಗುವ ಕಾರ್ಯವಲ್ಲ, ಉದಾರಿಗಳ ಕೈಯೂ ಅದರಲ್ಲಿ ಸೇರಬೇಕು ಎಂಬುದು ನಾಲ್ಕು ಶತಮಾನಗಳ ಹಿಂದೆಯೇ ತಿಳಿದಿದ್ದ ಸತ್ಯ.

ರೀವ್ ಮತ್ತು ಸ್ಯಾಂಡರ್ಸನ್

ನಮ್ಮ ನಾಡಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಕನ್ನಡ ಮಾತನಾಡುವ ಪ್ರದೇಶಗಳು ಮೈಸೂರು, ಮದರಾಸು, ಮುಂಬಯಿ, ಹೈದರಾಬಾದು ಎಂದು ಹರಿದು ಹಂಚಿಹೋಗಿದ್ದವು. ಕಂಪನಿಯ ಅಧಿಕಾರಿಗಳಿಗೆ ಕಂದಾಯದ ಲೆಕ್ಕವನ್ನೂ ರೈತರ ದೂರನ್ನೂ ಅರಿಯಲು ದೇಶಭಾಷೆ ಬೇಕಾಯಿತು. ಪಾದ್ರಿಗಳಿಗೆ ತಮ್ಮ ಧರ್ಮಗ್ರಂಥವನ್ನು ಭಾಷಾಂತರಿಸಲು ದೇಶಭಾಷೆ ಬೇಕಾಯಿತು. ಮೊದಲು ಬಂದವು ವ್ಯಾಕರಣಗಳು. 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವೂ, 1820ರಲ್ಲಿ ಮದರಾಸಿನಲ್ಲಿ ಜಾನ್ ಮೆಕೆರೆಲ್ಲರ ವ್ಯಾಕರಣವೂ ಅಚ್ಚಾದವು. ವ್ಯಾಕರಣವು ದಾರಿಯನ್ನು ತೋರಿಸೀತು. ದಾರಿಯ ಬುತ್ತಿಯನ್ನು ಒದಗಿಸಬೇಕಾದುದು ನಿಘಂಟು.

ಆ ಬುತ್ತಿಯನ್ನು ಮೊದಲು ಕಟ್ಟಿದವರು ವಿಲಿಯಂ ರೀವ್. ಇವರು ಲಂಡನ್ ಮಿಷನ್ನಿಗೆ ಸೇರಿದವರು. ಬಳ್ಳಾರಿಯಲ್ಲಿ ಕೆಲಸ ಮಾಡಿದವರು. ಅಲ್ಲಿ ಜಾನ್ ಹ್ಯಾಂಡ್ಸ್ ಎಂಬವರೊಡನೆ ಬೈಬಲ್ಲಿನ ಕನ್ನಡ ಅನುವಾದದಲ್ಲಿ ತೊಡಗಿದ್ದಾಗ ಶಬ್ದಸಂಗ್ರಹವು ಬೆಳೆಯಿತು. 1824ರಲ್ಲಿ ರೀವರ ಇಂಗ್ಲಿಷ್–ಕರ್ನಾಟಕ ನಿಘಂಟು, 1832ರಲ್ಲಿ ಕರ್ನಾಟಕ–ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಪ್ರಕಟವಾದವು. ಈ ಎರಡರ ಕ್ರಮವನ್ನು ಅಧ್ಯಾಪಕರು ಗಮನಿಸಬೇಕು. ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗುವ ಕೋಶವು ಪರದೇಶೀಯನು ಮಾತನಾಡಲು, ಬರೆಯಲು, ಬೋಧಿಸಲು ಬೇಕಾದುದು. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಕೋಶವು ನಾವು ಆಡಿದುದನ್ನು, ಬರೆದುದನ್ನು ಆತನು ತಿಳಿಯಲು ಬೇಕಾದುದು. ಮೊದಲನೆಯದು ಹೇಳುವವನ ನಿಘಂಟು, ಎರಡನೆಯದು ಕೇಳುವವನ ನಿಘಂಟು. ಹೇಳುವ ಆತುರವು ಮೊದಲು ಬಂದಿತು. ಕೇಳುವ ತಾಳ್ಮೆಯು ಎಂಟು ವರ್ಷಗಳ ಅನಂತರ ಬಂದಿತು. ಆದರೆ ಬಂದಿತಲ್ಲ ಎಂಬುದೇ ರೀವರ ಹಿರಿಮೆ.

ಬೆಂಗಳೂರಿನ ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ನರು ರೀವರ ಕನ್ನಡ–ಇಂಗ್ಲಿಷ್ ಕೋಶವನ್ನು ತಿದ್ದಿ, ಹೆಚ್ಚಿಸಿ 1858ರಲ್ಲಿ ಹೊರತಂದರು. ಪರ್ಸಿವಲನಿಗೆ ಮಿನ್ಷು ಒದಗಿದಂತೆ ರೀವರಿಗೆ ಸ್ಯಾಂಡರ್ಸನ್ ಒದಗಿದರು. ಕಿಟ್ಟೆಲ್ಲರ ಕೋಶವು ಬರುವವರೆಗಿನ ಮೂವತ್ತಾರು ವರ್ಷಗಳ ಕಾಲ ಕನ್ನಡವನ್ನು ಕಲಿಯುವ ಪರದೇಶೀಯರಿಗೆ ಇದೇ ದೊಡ್ಡ ಆಧಾರಗ್ರಂಥವಾಗಿದ್ದಿತು.

ಕಿಟ್ಟೆಲ್ಲರ ತಪಸ್ಸು

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿತು. 1841ರಲ್ಲಿ ಅಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿತು. 1843ರಲ್ಲಿ 'ಮಂಗಳೂರ ಸಮಾಚಾರ' ಎಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ಅದೇ ಮಿಷನ್ನಿನವರು. ಇವರು 1848ರಿಂದ 1851ರವರೆಗೆ ಹಳೆಯ ಕನ್ನಡ ಕೃತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸುವ ಕಾರ್ಯವನ್ನು ನಡೆಸಿದರು. ಬಸವಪುರಾಣವೂ ದಾಸರ ಪದಗಳೂ ಓಲೆಯಿಂದ ಕಾಗದಕ್ಕೆ ಬಂದದ್ದು ಆ ಮಾಲೆಯಲ್ಲಿ. ಗ್ರಂಥಗಳು ಅಚ್ಚಾಗದೆ ನಿಘಂಟು ಬೆಳೆಯದು. ಮೋಗ್ಲಿಂಗರು ಉತ್ತ ನೆಲದಲ್ಲಿ ಕಿಟ್ಟೆಲ್ಲರು ಬಿತ್ತಿದರು.

ಫರ್ಡಿನೆಂಡ್ ಕಿಟ್ಟೆಲ್ಲರು ಉತ್ತರ ಜರ್ಮನಿಯ ಸಮುದ್ರತೀರದ ಒಂದು ಹಳ್ಳಿಯಲ್ಲಿ 1832ರಲ್ಲಿ ಜನಿಸಿದರು. ರೀವರ ಕನ್ನಡ–ಇಂಗ್ಲಿಷ್ ಕೋಶವು ಹೊರಬಂದ ವರ್ಷವೂ ಅದೇ ಎಂಬುದು ನೆನಪಿನಲ್ಲಿಡಲು ಅನುಕೂಲವಾದ ಸಂಗತಿ. 1853ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಮೊದಲಾದೆಡೆಗಳಲ್ಲಿ ನೆಲೆಸಿದರು. ಮತಪ್ರಚಾರಕ್ಕಾಗಿ ಬಂದವರು ಕನ್ನಡದ ಮೋಹಕ್ಕೆ ಸಿಲುಕಿ, ಕನ್ನಡದ ವಿದ್ಯಾರ್ಥಿಯಾಗಿಯೇ ಉಳಿದರು. ಕ್ರಿಸ್ತನ ಚರಿತೆಯನ್ನು ಕನ್ನಡದ ಪದ್ಯಗಳಲ್ಲಿ ಹೇಳುವ 'ಕಥಾಮಾಲೆ'ಯನ್ನು 1862ರಲ್ಲಿ ಪ್ರಕಟಿಸಿದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ, 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. ವ್ಯಾಕರಣ, ಛಂದಸ್ಸು ಎರಡನ್ನೂ ಅರಗಿಸಿಕೊಂಡ ಬಳಿಕವೇ ಅವರು ನಿಘಂಟನ್ನು ಮುಗಿಸಿದರೆಂಬುದು ನಮ್ಮ ವಿದ್ವತ್ ಪರಂಪರೆಗೆ ಸಮ್ಮತವಾದ ಕ್ರಮ.

1877ರಲ್ಲಿ ಸ್ವದೇಶಕ್ಕೆ ಮರಳಿದ ಕಿಟ್ಟೆಲ್ಲರು ನಿಘಂಟಿನ ಸಲುವಾಗಿಯೇ 1883ರಲ್ಲಿ ಮತ್ತೆ ಭಾರತಕ್ಕೆ ಬಂದರು. 1892ರಲ್ಲಿ ಕಡೆಯ ಬಾರಿಗೆ ಜರ್ಮನಿಗೆ ತೆರಳಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಸುಮಾರು 70,000 ಶಬ್ದಗಳು, 1,700ಕ್ಕೂ ಮಿಕ್ಕಿದ ಪುಟಗಳು. ಆಗ ಅವರ ವಯಸ್ಸು ಅರವತ್ತೆರಡು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗನ್ನಿನಲ್ಲಿ ಕಾಲವಾದರು.

ಕೋಶದ ಒಳನೋಟ

ಈ ಕೋಶವು ಹಿಂದಿನ ಕೋಶಗಳಿಂದ ಹೇಗೆ ಭಿನ್ನವೆಂಬುದನ್ನು ತಿಳಿಯಲು ಅದರ ಒಂದು ಪುಟವನ್ನು ತೆರೆದು ನೋಡಿದರೆ ಸಾಕು. ಮೊದಲು ಕನ್ನಡ ಲಿಪಿಯಲ್ಲಿ ಶಬ್ದ. ಪಕ್ಕದಲ್ಲಿ ರೋಮನ್ ಲಿಪಿಯಲ್ಲಿ ಅದರ ಉಚ್ಚಾರ. ಆ ಬಳಿಕ ಅರ್ಥಗಳು. ಅರ್ಥಕ್ಕೆ ಆಧಾರವಾಗಿ ಕಾವ್ಯ, ಶಾಸ್ತ್ರ, ಪ್ರಾಚೀನ ಕೋಶಗಳ ಪ್ರಯೋಗ. ಅನೇಕ ಕಡೆಗಳಲ್ಲಿ ಜನರ ಬಾಯಲ್ಲಿ ಬಾಳಿದ ಗಾದೆಗಳು. ಶಬ್ದವು ದೇಶ್ಯವಾಗಿದ್ದರೆ ತಮಿಳು, ಮಲೆಯಾಳ, ತೆಲುಗು, ತುಳು ಭಾಷೆಗಳಲ್ಲಿರುವ ಅದರ ಒಡಹುಟ್ಟುಗಳು. ಹೀಗೆ ಒಂದು ಶಬ್ದಕ್ಕೆ ಅರ್ಥವೆಂಬ ಮನೆಯನ್ನು ಮಾತ್ರ ತೋರಿಸದೆ, ಅದರ ಕುಲ, ಬಂಧುಬಳಗ, ನಡೆನುಡಿಗಳನ್ನೆಲ್ಲ ಅವರು ಪರಿಚಯಿಸಿಕೊಟ್ಟರು.

ಸಂಸ್ಕೃತದಿಂದ ಕನ್ನಡಕ್ಕೆ ಬಂದ ಶಬ್ದಗಳನ್ನು ನಾವೆಲ್ಲ ಬಲ್ಲೆವು. ಆದರೆ ದ್ರಾವಿಡದಿಂದ ಸಂಸ್ಕೃತಕ್ಕೆ ಹೋದ ಶಬ್ದಗಳೂ ಉಂಟೆಂಬ ವಿಚಾರವನ್ನು ಕಿಟ್ಟೆಲ್ಲರು 1872ರಷ್ಟು ಹಿಂದೆಯೇ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರತಿಪಾದಿಸಿದ್ದರು. ನಿಘಂಟಿನ ಪೀಠಿಕೆಯಲ್ಲಿ ಅಂತಹ ಶಬ್ದಗಳ ದೀರ್ಘವಾದ ಪಟ್ಟಿಯನ್ನೇ ಕೊಟ್ಟರು. 'ನೀರ', 'ಮೀನ' ಎಂಬ ಸಂಸ್ಕೃತ ಶಬ್ದಗಳಲ್ಲಿ ನಮ್ಮ ನೀರೂ ಮೀನೂ ಇಣುಕುವುದನ್ನು ಯಾರು ತಾನೆ ಕಾಣರು? ಅವರ ಪಟ್ಟಿಯ ಎಲ್ಲ ಶಬ್ದಗಳನ್ನೂ ಮುಂದಿನ ವಿದ್ವಾಂಸರು ಒಪ್ಪಿಲ್ಲ. ಆದರೆ ಕೊಡುಕೊಳ್ಳುವಿಕೆ ಎರಡು ಕಡೆಯಿಂದಲೂ ನಡೆದಿದೆಯೆಂಬ ಮೂಲತತ್ತ್ವವು ನಿಂತಿದೆ. 1961ರಲ್ಲಿ ಬರೋ ಮತ್ತು ಎಮೆನೋ ಎಂಬ ಪಂಡಿತರಿಬ್ಬರು ದ್ರಾವಿಡ ಭಾಷೆಗಳ ವ್ಯುತ್ಪತ್ತಿಕೋಶವನ್ನು ಪ್ರಕಟಿಸಿದಾಗ ಕನ್ನಡಕ್ಕೆ ಅವರು ಮುಖ್ಯವಾಗಿ ನೆಚ್ಚಿದ್ದು ಕಿಟ್ಟೆಲ್ಲರನ್ನೇ.

ಸೋಮನಾಥಪುರ ಮತ್ತು ಶಬ್ದಮಣಿದರ್ಪಣ

ಇಲ್ಲಿ ನಮ್ಮ ಊರಿನ ಸಂಬಂಧವನ್ನು ಹೇಳದೆ ಇರಲಾರೆ. ಸೋಮನಾಥಪುರದ ಕೇಶವ ದೇವಾಲಯವು ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನಿಂದ 1258ರಲ್ಲಿ ಪ್ರತಿಷ್ಠಿತವಾಯಿತು. ಶಿಲ್ಪಿ ಮಲ್ಲಿತಮ್ಮನು ತನ್ನ ಹೆಸರನ್ನು ಕಲ್ಲಿನಲ್ಲಿ ಕನ್ನಡದ ಅಕ್ಷರಗಳಿಂದ ಕೊರೆದಿರುವುದನ್ನು ನಮ್ಮ ವಿದ್ಯಾರ್ಥಿಗಳು ಪ್ರವಾಸದಲ್ಲಿ ಕಂಡಿದ್ದಾರೆ. ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ರಚಿಸಿದ್ದು ಸುಮಾರು 1260ರಲ್ಲಿ, ಅದೇ ಹೊಯ್ಸಳರ ಕಾಲದಲ್ಲಿ. ಒಂದೆಡೆ ಕಲ್ಲನ್ನು ಕಡೆದು ಮೂರ್ತಿಯನ್ನು ನಿಲ್ಲಿಸುತ್ತಿದ್ದಾಗ, ಇನ್ನೊಂದೆಡೆ ನುಡಿಯನ್ನು ಸೋಸಿ ಅದರ ನಿಯಮವನ್ನು ನಿಲ್ಲಿಸುವ ಕೆಲಸ ನಡೆಯುತ್ತಿತ್ತು. ಕಲ್ಲಿನ ಕೆಲಸವನ್ನು ಕಾಣಲು ದೇಶವಿದೇಶದವರು ಬರುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ಸೋಮನಾಥಪುರವೂ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು. ನುಡಿಯ ಕೆಲಸವನ್ನು ಕಾಣಲು ನಾವೇ ಪುಸ್ತಕವನ್ನು ತೆರೆಯಬೇಕು.

ಕೇಶಿರಾಜನ ಕಾಲಕ್ಕಾಗಲೇ ಹಳಗನ್ನಡದ ೞಕಾರವು ಜನರ ನಾಲಗೆಯಿಂದ ಜಾರುತ್ತಿದ್ದಿತು. ಆದುದರಿಂದ ಯಾವ ಯಾವ ಶಬ್ದಗಳಲ್ಲಿ ೞಕಾರವಿರಬೇಕೆಂಬುದನ್ನು ಆತನು ಎಣಿಸಿ ಹೇಳಿದನು. ಆ ಅಕ್ಷರದಿಂದ ಪ್ರಯೋಜನವೇನೆಂದು ಕೇಳುವವರಿಗೆ ಒಂದು ಉದಾಹರಣೆ. ಇಂದು ನಾವು 'ಬಾಳು' ಎಂದು ಒಂದೇ ಬಗೆಯಾಗಿ ಬರೆಯುವ ಎರಡು ಶಬ್ದಗಳು ಹಿಂದೆ ಬೇರೆ ಬೇರೆಯಾಗಿದ್ದವು. ವೀರನ ಕೈಯ ಖಡ್ಗ 'ಬಾಳ್'. ಮನುಷ್ಯನ ಜೀವನ 'ಬಾೞ್'. ನಂಜನಗೂಡಿನ ರಸಬಾಳೆಯ ಬಾಳೆಯೂ ಹಿಂದೆ 'ಬಾೞೆ'. ಅಕ್ಷರವು ಹೋದುದರಿಂದ ಕತ್ತಿಯೂ ಬದುಕೂ ಒಂದಾದವು. ಹಾಗೆಯೇ ಕತ್ತರಿಸುವುದು 'ಅರಿ', ತಿಳಿಯುವುದು 'ಅಱಿ'. ಇಂದು ಎರಡೂ ಒಂದೇ. ಕೇಶಿರಾಜನನ್ನು ಓದಿದ ಕಿಟ್ಟೆಲ್ಲರು ತಮ್ಮ ಕೋಶದಲ್ಲಿ ಈ ಎರಡು ಅಕ್ಷರಗಳಿಗೂ ಸ್ಥಾನವನ್ನು ಕೊಟ್ಟು, ಯಾವ ಶಬ್ದದ ಮೂಲ ಯಾವುದೆಂಬುದನ್ನು ತೋರಿಸಿದರು. ಸೋಮನಾಥಪುರದ ಕಾಲದ ಪಂಡಿತನೊಬ್ಬನು ಉಳಿಸಿದ ವಿವೇಕವನ್ನು ಆರು ಶತಮಾನಗಳ ಬಳಿಕ ಜರ್ಮನಿಯವರೊಬ್ಬರು ಲೋಕಕ್ಕೆ ಹಂಚಿದರು.

ಕಿಟ್ಟೆಲ್ಲರಿಗೆ ದೊರೆಯದುದು

ಗುಣವನ್ನು ಹೇಳಿದ ಮೇಲೆ ಮಿತಿಯನ್ನೂ ಹೇಳಬೇಕು. ನಿಘಂಟುಕಾರನು ತನ್ನ ಕಾಲಕ್ಕೆ ದೊರೆತುದನ್ನು ಮಾತ್ರ ಸಂಗ್ರಹಿಸಬಲ್ಲನು. 'ಕವಿರಾಜಮಾರ್ಗ'ವೂ ಪಂಪನ ಭಾರತವೂ ಅಚ್ಚಾದದ್ದು 1898ರಲ್ಲಿ, ಅಂದರೆ ಕೋಶವು ಹೊರಬಂದ ನಾಲ್ಕು ವರ್ಷಗಳ ಅನಂತರ. ನಮ್ಮ ತಿರುಮಕೂಡಲು ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳನ್ನೊಳಗೊಂಡ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೆಯ ಸಂಪುಟವನ್ನು ಬಿ. ಎಲ್. ರೈಸರು ಪ್ರಕಟಿಸಿದ್ದು ಅದೇ 1894ರಲ್ಲಿ. ನಮ್ಮ ಊರುಗಳ ಕಲ್ಲುಗಳು ಓದಿಗೆ ದೊರೆತ ಹೊತ್ತಿಗೆ ಕೋಶದ ಬಾಗಿಲು ಮುಚ್ಚಿದ್ದಿತು.

ವಚನಗಳ ಮಾತನ್ನಂತೂ ಹೇಳಲೇಬೇಕು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ, ಓಲೆಗರಿಗಳನ್ನು ಕೂಡಿಹಾಕಿ, 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದ್ದು 1923ರಲ್ಲಿ. ಕಿಟ್ಟೆಲ್ಲರ ಕೋಶಕ್ಕೂ ಅದಕ್ಕೂ ಇಪ್ಪತ್ತೊಂಬತ್ತು ವರ್ಷಗಳ ಅಂತರ. ಪುರಾಣಗಳ ಮೂಲಕ ಶರಣರ ಕಥೆಗಳನ್ನು ಅರಿತಿದ್ದ ಕಿಟ್ಟೆಲ್ಲರಿಗೆ, ಶರಣರು ತಾವೇ ಆಡಿದ ನುಡಿಯ ಮಹಾರಾಶಿಯು ಅಚ್ಚಿನಲ್ಲಿ ದೊರೆಯಲಿಲ್ಲ. ಕಾಯಕದ ನೆಲೆಯಿಂದ ಎದ್ದುಬಂದ ಆ ನುಡಿಯು ಸಮೃದ್ಧವಾಗಿ ನಿಘಂಟನ್ನು ಸೇರಲು ಕನ್ನಡ ಸಾಹಿತ್ಯ ಪರಿಷತ್ತಿನ ಕೋಶದವರೆಗೆ ಕಾಯಬೇಕಾಯಿತು.

ಇನ್ನೊಂದು ಪ್ರಶ್ನೆಯನ್ನು ಕೆಲವರು ಎತ್ತುವುದುಂಟು. ಇವರೆಲ್ಲ ಮತಾಂತರದ ಉದ್ದೇಶದಿಂದ ಬಂದವರಲ್ಲವೆ? ಇವರಿಗೆ ನಾವೇಕೆ ಕೃತಜ್ಞರಾಗಿರಬೇಕು? ಉದ್ದೇಶವನ್ನು ಮರೆಮಾಚುವ ಅಗತ್ಯವಿಲ್ಲ, ಅವರೂ ಮರೆಮಾಚಲಿಲ್ಲ. ಆದರೆ ಬಂದ ಉದ್ದೇಶವೊಂದು, ಬಿಟ್ಟುಹೋದ ಫಲವೊಂದು. ಕಿಟ್ಟೆಲ್ಲರ ಕೋಶದಿಂದ ಕನ್ನಡ ಕಲಿತು ಮತಾಂತರ ಮಾಡಿದವರು ಎಷ್ಟು ಮಂದಿಯೋ, ಅದರಿಂದ ಪಂಪನನ್ನೂ ಬಸವಣ್ಣನವರನ್ನೂ ಓದಲು ಕಲಿತವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚೆಂದು ನನ್ನ ನಂಬಿಕೆ. ನಾವು ಖಂಡಿಸಬೇಕಾದುದು ಬೇರೊಂದಿದೆ. ಈ ಎಲ್ಲ ಕೋಶಗಳ ಹಿಂದೆ ದೇಶೀಯ ಪಂಡಿತರೂ ಮುನ್ಷಿಗಳೂ ಇದ್ದರು. ಓಲೆಯನ್ನು ಓದಿ ಹೇಳಿದವರು, ಸಂದೇಹವನ್ನು ಪರಿಹರಿಸಿದವರು, ಗಾದೆಯನ್ನು ಒದಗಿಸಿದವರು ಅವರು. ಮುಖಪುಟದ ಮೇಲೆ ಅವರ ಹೆಸರಿಲ್ಲ. ಪೀಠಿಕೆಯಲ್ಲಿ ಒಂದು ಕೃತಜ್ಞತೆಯ ವಾಕ್ಯವೇ ಅವರ ಪಾಲಿಗೆ ಬಂದ ಸ್ಮಾರಕ.

ಮುಂದಿನ ಕೊಂಡಿಗಳು

ಕಿಟ್ಟೆಲ್ಲರ ದೊಡ್ಡ ಕೋಶವು ಶಾಲೆಯ ಮಕ್ಕಳ ಕೈಗೆ ಎಟುಕುವಂತಹುದಲ್ಲ. ಅದನ್ನು ಆಧರಿಸಿ ಜೆ. ಬುಖರ್ ಎಂಬವರು 1899ರಲ್ಲಿ ಶಾಲಾ ನಿಘಂಟೊಂದನ್ನು ಸಿದ್ಧಪಡಿಸಿದರು. ಅದೇ ಮಿಷನ್ನಿನ ಮ್ಯಾನರ್ ಎಂಬವರು 1886ರಲ್ಲಿ ತುಳು–ಇಂಗ್ಲಿಷ್ ನಿಘಂಟನ್ನು ಕೊಟ್ಟಿದ್ದರು. ಮಲೆಯಾಳಕ್ಕೆ ಗುಂಡರ್ಟ್, ತೆಲುಗಿಗೆ ಬ್ರೌನ್, ತಮಿಳಿಗೆ ವಿನ್ಸ್ಲೋ ಎಂಬಂತೆ ನೆರೆಯ ಭಾಷೆಗಳಲ್ಲಿಯೂ ಇಂತಹ ಮಹನೀಯರು ದುಡಿದರು.

ಅನಂತರ ಕನ್ನಡಿಗರೇ ಈ ನೊಗಕ್ಕೆ ಹೆಗಲು ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಪ್ರಕಟವಾಯಿತು. ಕಿಟ್ಟೆಲ್ಲರ ಕೋಶವನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾನಿಲಯದ ಮೂಲಕ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಅವುಗಳಲ್ಲಿ ಮೊದಲನೆಯದು 1968ರದು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟಿನ ಮೊದಲ ಸಂಪುಟವು 1970ರಲ್ಲಿಯೂ ಎಂಟನೆಯ ಸಂಪುಟವು 1995ರಲ್ಲಿಯೂ ಬೆಳಕು ಕಂಡವು. ಆ ಮಹಾಕಾರ್ಯದ ಪ್ರಧಾನ ಸಂಪಾದಕರಾಗಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ನೂರೇಳು ವರ್ಷಗಳ ತುಂಬು ಬಾಳನ್ನು ಬಾಳಿ 2021ರಲ್ಲಿ ನಮ್ಮನ್ನಗಲಿದರು. 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಸಾಮಾನ್ಯ ಓದುಗನ ಸಂದೇಹಕ್ಕೂ ಅವರು ಉತ್ತರಿಸುತ್ತಿದ್ದುದು ಅನೇಕರ ನೆನಪಿನಲ್ಲಿದೆ. ಇತ್ತೀಚೆಗೆ ವಿ. ಕೃಷ್ಣ ಎಂಬವರು ದಶಕಗಳ ಕಾಲ ಏಕಾಂಗಿಯಾಗಿ ಸಂಕಲಿಸಿದ ಕನ್ನಡ–ಇಂಗ್ಲಿಷ್ ಕೋಶವು 'ಅಲರ್' ಎಂಬ ಹೆಸರಿನಿಂದ 2019ರಲ್ಲಿ ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುವಂತಾಯಿತು. ಕಂಠದಲ್ಲಿದ್ದ ಕೋಶವು ಕೈಗೆ ಬಂದು, ಕೈಯಿಂದ ಈಗ ಅಂಗೈಯ ಯಂತ್ರಕ್ಕೆ ಇಳಿದಿದೆ.

ನನ್ನ ಒಂದು ತಪ್ಪು

ಮುಗಿಸುವ ಮೊದಲು ನನ್ನದೇ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಾನು ಅಧ್ಯಾಪಕನಾಗಿ ಸೇರಿದ ಹೊಸತು. ಕಾವೇರಿ ತೀರದ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗನೊಬ್ಬನು ಪ್ರಬಂಧದಲ್ಲಿ, ತನ್ನ ಅವ್ವ ಹೊತ್ತಾರೆ ಎ�ದ್ದು ಕೂಳಿಕ್ಕಿ ಶಾಲೆಗೆ ಕಳುಹಿಸುತ್ತಾಳೆಂದು ಬರೆದಿದ್ದನು. ನಾನು 'ಕೂಳು' ಎಂಬುದಕ್ಕೆ ಕೆಂಪು ಮಸಿಯ ಗೆರೆ ಎಳೆದು, 'ಗ್ರಾಮ್ಯ. ಅನ್ನವನ್ನು ಬಡಿಸಿ ಎಂದು ಬರೆ' ಎಂದು ಬದಿಯಲ್ಲಿ ಬರೆದೆನು. ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿಯೂ ಹೇಳಿದೆನು. ಮಕ್ಕಳು ನಕ್ಕರು. ಹುಡುಗನು ತಲೆ ತಗ್ಗಿಸಿದನು.

ಅಂದು ಸಂಜೆ ಬೇರಾವುದೋ ಶಬ್ದಕ್ಕಾಗಿ ಕಿಟ್ಟೆಲ್ಲರ ಕೋಶವನ್ನು ತೆರೆದಾಗ ಅದೇ ಪುಟಗಳ ಆಸುಪಾಸಿನಲ್ಲಿ ಕೂಳು ಕಣ್ಣಿಗೆ ಬಿದ್ದಿತು. ಅದರ ಮೂಲ 'ಕೂೞ್'. ಅರ್ಥ ಬೆಂದ ಅಕ್ಕಿ, ಆಹಾರ. ತಮಿಳಿನಲ್ಲಿಯೂ ಅದಕ್ಕೆ ಒಡಹುಟ್ಟಿದೆ. ಅದರಲ್ಲಿ ಹೀನವೆಂಬುದೇನೂ ಇರಲಿಲ್ಲ. 'ಇಕ್ಕು' ಎಂಬುದೂ ಹಳಗನ್ನಡದ ಸತ್ಕ್ರಿಯೆಯೇ. ಅನ್ನವೆಂಬ ಸಂಸ್ಕೃತ ಶಬ್ದವು ಮೇಲೇರಿದಾಗ ಕೂಳು ಕೆಳಗಿಳಿಯಿತು. ಬೈಗುಳದಲ್ಲಿ ಮಾತ್ರ ಉಳಿಯಿತು. ಆ ತಾಯಿಯ ಬಾಯಲ್ಲಿ ಮಾತ್ರ ಅದು ತನ್ನ ಹಳೆಯ ಮರ್ಯಾದೆಯೊಡನೆ ಬದುಕಿದ್ದಿತು. ಹಳಗನ್ನಡದ ವಿದ್ವಾಂಸನೆನಿಸಿಕೊಂಡ ನಾನು ಜೀವಂತವಾಗಿದ್ದ ಹಳಗನ್ನಡವನ್ನೇ ಗೆರೆ ಎಳೆದು ಅಳಿಸಿದ್ದೆನು.

ಮರುದಿನ ತರಗತಿಗೆ ಆ ಕೋಶವನ್ನೇ ಹೊತ್ತುಕೊಂಡು ಹೋದೆನು. ಪುಟವನ್ನು ತೆರೆದು ಹುಡುಗನಿಂದಲೇ ಓದಿಸಿ, ತಪ್ಪು ನನ್ನದೆಂದು ಹೇಳಿದೆನು. ಒಂದು ವಾರದ ಮೇಲೆ ಅವನು ತನ್ನ ಅವ್ವನಿಂದ ಕೇಳಿ ಬರೆದ ಶಬ್ದಗಳ ಪಟ್ಟಿಯೊಂದನ್ನು ತಂದುಕೊಟ್ಟನು. ತೂಬು, ಮೇಟಿ, ಎಸರು, ಕೇರು ಮೊದಲಾದವು ಕೋಶದಲ್ಲಿ ದೊರೆತವು. ಕೆಲವು ದೊರೆಯಲಿಲ್ಲ. ದೊರೆಯದ ಆ ಶಬ್ದಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟೆನು. ಅಂದಿನಿಂದ ಇಂದಿನವರೆಗೆ ಆ ಪುಸ್ತಕಕ್ಕೆ ಶಬ್ದಗಳು ಸೇರುತ್ತಲೇ ಇವೆ. ಆದರೆ ಸೇರುವ ವೇಗ ಕುಗ್ಗಿದೆ. ಗದ್ದೆಯ ಕೊಯ್ಲಿಗೆ ಯಂತ್ರವು ಬಂದಮೇಲೆ ಕಣವಿಲ್ಲ, ಕಣವಿಲ್ಲವಾದಮೇಲೆ ಮೇಟಿಯಿಲ್ಲ, ಮೇಟಿಯಿಲ್ಲದ ಮಕ್ಕಳಿಗೆ ಆ ಶಬ್ದವನ್ನು ನಾನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸಬೇಕಾಗಿದೆ.

ಆದುದರಿಂದ ನನ್ನದೊಂದು ವಿನಂತಿ. ಅಧ್ಯಾಪಕ ಮಿತ್ರರು ಕೆಂಪು ಮಸಿಯನ್ನು ಬಳಸುವ ಮೊದಲು ಒಮ್ಮೆ ಕೋಶವನ್ನು ತೆರೆಯಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರ ಬಳಿ ಕುಳಿತು, ಬೇಸಾಯದ, ಅಡುಗೆಯ, ಹಬ್ಬದ, ಕುಲಕಸುಬಿನ ಹತ್ತು ಶಬ್ದಗಳನ್ನು ಅರ್ಥಸಹಿತ ಬರೆದು ಶಾಲೆಗೆ ಕಳುಹಿಸಲಿ. ದಾನಿಗಳು ಕೊಠಡಿಯನ್ನು ಕಟ್ಟಿಸುವಾಗ, ಆ ಕೊಠಡಿಯೊಳಗೆ ಪರಿಷತ್ತಿನ ಎಂಟು ಸಂಪುಟಗಳೂ ಕಿಟ್ಟೆಲ್ಲರ ಕೋಶವೂ ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಇರುವಂತೆ ನೋಡಿಕೊಳ್ಳಲಿ. ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ ಅಲ್ಲ.

ದೂರದ ಉತ್ತರ ಸಮುದ್ರದ ತೀರದಲ್ಲಿ ಹುಟ್ಟಿದವರೊಬ್ಬರು ನಮ್ಮ ತಾಯಂದಿರ ಮಾತನ್ನು ಕಿವಿಗೊಟ್ಟು ಕೇಳಿ ಬರೆದಿಟ್ಟರು. ಕಾವೇರಿ ಕಪಿಲೆಯರ ತೀರದಲ್ಲಿ ಹುಟ್ಟಿದ ನಾವು ಅಷ್ಟನ್ನಾದರೂ ಮಾಡದಿದ್ದರೆ, ಆ ಮಾತು ನಮ್ಮ ಕಾಲದಲ್ಲಿಯೇ ಕೊನೆಗೊಂಡಿತೆಂಬ ಅಪವಾದಕ್ಕೆ ನಾವು ಗುರಿಯಾಗಬೇಕಾದೀತು. ಹಾಗಾಗದಿರಲೆಂದು ಹಾರೈಸಿ, ಈ ಬರಹವನ್ನು ಮುಗಿಸುತ್ತೇನೆ.